ತಾಲೀಮಿನ ಮಣ್ಣು, ಗಡಿಯ ಗೆರೆ
(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕ್ರೀಡೆಯನ್ನು ಕುರಿತು ಮಾತನಾಡಬೇಕೆಂದು ಉತ್ಸವ ಸಮಿತಿಯವರು ಅಪ್ಪಣೆ ಕೊಟ್ಟಾಗ ನಮಗೆ ತುಸು ಸಂಕೋಚವೇ ಆಯಿತು. ನೂರು ವರ್ಷದ ಕನ್ನಡ ಶಾಲೆಯೆಂದರೆ ಸಾಹಿತ್ಯದ ಮಾತು, ಭಾಷೆಯ ಅಳಿವು ಉಳಿವಿನ ಮಾತು ಎಲ್ಲರೂ ನಿರೀಕ್ಷಿಸುವಂಥದು. ಆಟದ ಮಾತು ಬಹುಮಾನ ವಿತರಣೆಯ ದಿನಕ್ಕೆ ಮೀಸಲು. ಆದರೆ ಯೋಚಿಸಿದಂತೆಲ್ಲ ನಮಗೆ ಅನ್ನಿಸಿದ್ದು ಬೇರೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಈ ಸೀಮೆಯಲ್ಲಿ ‘ನೀವು ಯಾರು, ಎಲ್ಲಿಯವರು’ ಎಂಬ ಪ್ರಶ್ನೆಯನ್ನು ನಮಗೆ ಪುಸ್ತಕಗಳು ಕೇಳುವ ಮೊದಲೇ ಕುಸ್ತಿಯ ಕಣ ಕೇಳಿದೆ. ಆದ್ದರಿಂದ ಅಲ್ಲಿಂದಲೇ ಮಾತು ಆರಂಭಿಸುತ್ತೇವೆ.

ಮೈಸೂರಿನ ಕಡೆಯವರು ಗರಡಿಮನೆ ಎನ್ನುವುದನ್ನು ನಾವು ತಾಲೀಮು ಎನ್ನುತ್ತೇವೆ. ಈ ಶಬ್ದ ಅರಬ್ಬೀ ಮೂಲದ್ದು. ಅದರ ಅರ್ಥ ಶಿಕ್ಷಣ. ಹಾಗೆ ನೋಡಿದರೆ ನಮ್ಮೂರುಗಳಲ್ಲಿ ಎರಡು ಬಗೆಯ ಶಾಲೆಗಳಿದ್ದವು. ಒಂದರಲ್ಲಿ ಪಾಟಿ ಬಳಪ, ಇನ್ನೊಂದರಲ್ಲಿ ಲಂಗೋಟ ಮತ್ತು ಕೆಮ್ಮಣ್ಣು. ಒಂದರಲ್ಲಿ ಗುರುಗಳು, ಇನ್ನೊಂದರಲ್ಲಿ ವಸ್ತಾದರು. ನಮ್ಮಲ್ಲಿ ಅನೇಕರು ಬೆಳಗಿನ ಜಾವ ಅಲ್ಲಿಯೂ ಹತ್ತು ಗಂಟೆಗೆ ಇಲ್ಲಿಯೂ ಹಾಜರಿ ಹಾಕಿದವರು. ಮೈಗೆ ಹತ್ತಿದ ಮಣ್ಣು ಪೂರ್ತಿ ತೊಳೆಯದೆ ತರಗತಿಗೆ ಬಂದು ಬೆತ್ತದ ರುಚಿ ಕಂಡವರೂ ಈ ಸಭೆಯಲ್ಲಿ ಇದ್ದಾರೆ, ಹೆಸರು ಹೇಳುವುದಿಲ್ಲ.

ಆ ಮಣ್ಣೂ ಸುಮ್ಮನೆ ಅಗೆದು ತಂದ ಮಣ್ಣಲ್ಲ. ಅದನ್ನು ಜರಡಿ ಹಿಡಿದು, ಮಜ್ಜಿಗೆ, ನಿಂಬೆರಸ, ಅರಿಸಿನ, ಎಣ್ಣೆ, ಕರ್ಪೂರ ಬೆರೆಸಿ, ದಿನವೂ ಹದ ಮಾಡಬೇಕು. ಅದರ ಮೇಲೆ ಕಾಲಿಡುವ ಮುನ್ನ ಮುಟ್ಟಿ ನಮಸ್ಕರಿಸಬೇಕು. ಆ ನಮಸ್ಕಾರಕ್ಕೆ ಜಾತಿಯಿರಲಿಲ್ಲ, ಭಾಷೆಯೂ ಇರಲಿಲ್ಲ. ಕನ್ನಡದಲ್ಲಿ ನಾವು ‘ಸೆಡ್ಡು ಹೊಡೆದ’ ಎನ್ನುತ್ತೇವೆ. ಮರಾಠಿಯ ನಮ್ಮ ನೆರೆಯವರು ‘ಶಡ್ಡು ಠೋಕಲಾ’ ಎನ್ನುತ್ತಾರೆ. ತೊಡೆಯ ಸಪ್ಪಳ ಒಂದೇ. ಡಾವು, ಪೇಚು, ಚಿತ್, ಅಖಾಡ, ವಸ್ತಾದ ಎಂಬ ಮಾತುಗಳು ಎರಡು ಭಾಷೆಗಳ ನಡುವೆ ಎಷ್ಟು ಸಲ ಓಡಾಡಿವೆಯೆಂದರೆ, ಯಾವುದು ಯಾರ ಮನೆಯದೆಂದು ಹೇಳಲು ಹೊರಟವನೇ ಚಿತ್ ಆದಾನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಅಭ್ಯಾಸ, ಕಾಳಗಗಳನ್ನು ಕುರಿತು ಒಂದು ಪ್ರಕರಣವನ್ನೇ ಬರೆದಿದ್ದಾನೆ. ಕನ್ನಡ ನಾಡಿನ ದೊರೆ, ಸಂಸ್ಕೃತದ ಗ್ರಂಥ, ಇಂದು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುವ ವಿದ್ಯೆ. ಈ ಸೀಮೆಯ ಸಂಗತಿಗಳೆಲ್ಲ ಹೀಗೆಯೇ ಹೆಣೆದುಕೊಂಡಿವೆ.

ಕೊಲ್ಹಾಪುರದ ಕುಸ್ತಿಯ ಮಾತು ಛತ್ರಪತಿ ಶಾಹು ಮಹಾರಾಜರನ್ನು ಬಿಟ್ಟು ಮುಂದೆ ಹೋಗದು. ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದ ಅವರ ತಾಯಿ ಮುಧೋಳದ ಘೋರ್ಪಡೆ ರಾಜಮನೆತನದ ಮಗಳು. ಅವರು 1894ರಿಂದ 1922ರವರೆಗೆ ಆಳಿದರು. 1902ರಲ್ಲಿ ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ರ ಮೀಸಲಾತಿ ಸಾರಿದರು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿದರು. ಈ ನಡುವೆ, 1912ರಲ್ಲಿ, ಖಾಸಬಾಗ ಕುಸ್ತಿ ಮೈದಾನ ಸಿದ್ಧವಾಯಿತು. 1902ರ ಯುರೋಪ ಪ್ರವಾಸದಲ್ಲಿ ರೋಮಿನ ವರ್ತುಲ ರಂಗಮಂದಿರ ಕಂಡ ಮಹಾರಾಜರ ಮನಸ್ಸಿನಲ್ಲಿ ಮೂಡಿದ ಕಲ್ಪನೆ ಅದು. ನಡುವೆ ತಗ್ಗಿನಲ್ಲಿ ಕಣ, ಸುತ್ತ ಏರುತ್ತ ಹೋಗುವ ದಿಬ್ಬ. ಎಲ್ಲಿ ಕುಳಿತರೂ ಕುಸ್ತಿ ಕಾಣುತ್ತದೆ.

ನಾವು ಈ ಮೂರು ಇಸವಿಗಳನ್ನು ಒಟ್ಟಿಗೆ ಹೇಳಿದ್ದಕ್ಕೆ ಕಾರಣವಿದೆ. ಕುಸ್ತಿಯನ್ನು ಅರಸರ ಶೋಕಿಯೆಂದು ಬಗೆಯುವುದು ಸುಲಭ. ಮೈಸೂರಿನ ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಅರಮನೆಯ ಅಂಗಳದ್ದೇ. ಶೋಕಿಯೂ ಇತ್ತು, ಇಲ್ಲವೆನ್ನಲಾಗದು. ಆದರೆ ಯಾರ ನೆರಳು ಬಿದ್ದರೆ ಮೈಲಿಗೆಯೆನ್ನುತ್ತಿದ್ದರೋ ಅಂಥ ಕಾಲದಲ್ಲಿ ಕುಸ್ತಿಯೆಂಬುದು ಮೈಗೆ ಮೈ ತಾಗದೆ ಆಡಲಾಗದ ಆಟ. ಬೆವರಿಗೆ ಬೆವರು ಬೆರೆಯಲೇಬೇಕು. ಶಾಲೆಯ ಬೆಂಚಿನಲ್ಲಿ ದೂರ ಕೂರಿಸಬಹುದು, ಕಣದಲ್ಲಿ ದೂರ ನಿಂತು ಯಾರನ್ನೂ ಕೆಡವಲಾಗದು. ಮೀಸಲಾತಿಯ ಆಜ್ಞೆ ಹೊರಡಿಸಿದ ದೊರೆಯೇ ಈ ಮೈದಾನವನ್ನೂ ಕಟ್ಟಿಸಿದ್ದು ಕೇವಲ ಆಕಸ್ಮಿಕವೆಂದು ನಮಗೆ ಅನ್ನಿಸುವುದಿಲ್ಲ. ಇಂದಿಗೂ ಕೊಲ್ಹಾಪುರದ ಕೆಲವು ತಾಲೀಮುಗಳಲ್ಲಿ ಗಣಪತಿಯೂ ಮೊಹರಮ್ಮಿನ ಪಂಜಾವೂ ಒಂದೇ ಸೂರಿನಡಿ ಕುಳಿತುಕೊಳ್ಳುತ್ತವೆ. ಊರಿನಲ್ಲಿ ಮನಸ್ಸು ಕೆಡಿಸುವ ಗಾಳಿ ಬೀಸಿದ ದಿನಗಳಲ್ಲಿಯೂ ಆ ಸೂರು ಹಾರಿಹೋಗಿಲ್ಲ.

2024ರ ಆಗಸ್ಟಿನಲ್ಲಿ ಖಾಸಬಾಗಕ್ಕೆ ಹೊಂದಿಕೊಂಡಿರುವ ಕೇಶವರಾವ ಭೋಸಲೆ ನಾಟ್ಯಗೃಹ ಬೆಂಕಿಗೆ ಆಹುತಿಯಾದಾಗ ಊರಿಗೆ ಊರೇ ಕಣ್ಣೀರಿಟ್ಟಿತು. ನಾಟಕದ ಮನೆಯನ್ನೂ ಕುಸ್ತಿಯ ಕಣವನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿಸಿದ ಆ ದೊರೆಗೆ ಎರಡೂ ಬೇರೆ ಬೇರೆ ಎನಿಸಿರಲಿಲ್ಲವೆಂಬುದು ಆಗ ಮತ್ತೊಮ್ಮೆ ನೆನಪಾಯಿತು.

ಇನ್ನು ರಾಷ್ಟ್ರದ ಮಾತು. 1910ರಲ್ಲಿ ಗಾಮಾ ಪೈಲ್ವಾನರು ಲಂಡನ್ನಿಗೆ ಹೋಗಿ ಪೋಲೆಂಡಿನ ಝಬಿಸ್ಕೋ ಎದುರು ಸೆಣಸಿದಾಗ, ಆ ಕುಸ್ತಿ ಸಮವಾಗಿ ಮುಗಿದರೂ, ಪರಾಧೀನ ದೇಶವೊಂದು ಎದೆಯುಬ್ಬಿಸಿತು. 1928ರಲ್ಲಿ ಪಟಿಯಾಲದಲ್ಲಿ ಅದೇ ಝಬಿಸ್ಕೋನನ್ನು ಗಾಮಾ ಕ್ಷಣಮಾತ್ರದಲ್ಲಿ ಕೆಡವಿದರು. ದೇಶ ವಿಭಜನೆಯಾದಾಗ ಗಾಮಾ ಪಾಕಿಸ್ತಾನದವರಾದರು. ಭಾರತದ ಗೌರವವನ್ನು ಹೆಗಲ ಮೇಲೆ ಹೊತ್ತ ಮನುಷ್ಯ ಒಂದು ಗೆರೆಯ ದೆಸೆಯಿಂದ ಪರದೇಶದವನಾದ. ಗೆರೆಗಳ ಬಗೆಗೆ ನಾವು ಮುಂದೆ ಹೇಳಲಿರುವುದಕ್ಕೆ ಇದೊಂದು ಪೀಠಿಕೆ.

ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಬಂದದ್ದು ಇದೇ ಮಣ್ಣಿನಿಂದ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು ಕೊಲ್ಹಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ ಒಲಿಂಪಿಕ್ಸಿಗೆ ಅವರನ್ನು ಕಳಿಸಿದವರು ಕೊಲ್ಹಾಪುರದ ಮಹಾರಾಜರು. ಮಣ್ಣಿನಲ್ಲಿ ಬೆಳೆದ ಹುಡುಗನಿಗೆ ಚಾಪೆಯ ಮೇಲಿನ ಕುಸ್ತಿ ಹೊಸದು. ಆದರೂ ಆರನೆಯ ಸ್ಥಾನ ಬಂತು. ನಾಲ್ಕು ವರ್ಷದ ಬಳಿಕ ಹೆಲ್ಸಿಂಕಿಗೆ ಹೊರಡುವ ವೇಳೆಗೆ ಪರಿಸ್ಥಿತಿ ಬದಲಾಗಿತ್ತು. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿತ್ತು. ಅರಸರಿರಲಿಲ್ಲ, ಹೊಸ ಸರಕಾರದ ಕೈ ಇನ್ನೂ ಇತ್ತ ಚಾಚಿರಲಿಲ್ಲ. ಆಗ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನು ಅಡವಿಟ್ಟು 7000 ರೂಪಾಯಿ ತಂದುಕೊಟ್ಟರು. ಹಳ್ಳಿಗರೂ ಅಂಗಡಿಕಾರರೂ ತಮ್ಮ ಕೈಲಾದಷ್ಟು ಸೇರಿಸಿದರು.

ಶಿಕ್ಷಕ ಬಂಧುಗಳೇ, ಇಲ್ಲಿ ತುಸು ನಿಲ್ಲೋಣ. ರಾಷ್ಟ್ರಗೌರವವೆಂಬ ದೊಡ್ಡ ಮಾತಿನ ಅಡಿಯಲ್ಲಿ ಏನಿದೆಯೆಂದು ಅಗೆದು ನೋಡಿದರೆ ಸಿಗುವುದು ಒಬ್ಬ ಮಾಸ್ತರರ ಮನೆಯ ಅಡವುಪತ್ರ. ಅಂದು ರಾಷ್ಟ್ರವು ಜಾಧವರನ್ನು ಕಳಿಸಲಿಲ್ಲ. ಕಳಿಸಿದ್ದು ಒಂದು ಊರು. ಪದಕ ಬಂದಮೇಲೆ ಅದು ರಾಷ್ಟ್ರದ್ದಾಯಿತು.

1952ರ ಜುಲೈ 23ರಂದು ಬ್ಯಾಂಟಮ್‌ವೇಟ್ ಫ್ರೀಸ್ಟೈಲ್ ವಿಭಾಗದಲ್ಲಿ ಜಾಧವರಿಗೆ ಕಂಚು ದೊರೆಯಿತು. ಜಪಾನಿನ ಇಶಿಯೊಡನೆ ದೀರ್ಘ ಸೆಣಸಾಟ ಮುಗಿಸಿದ ಅವರನ್ನು, ನಿಯಮದಂತೆ ಸಿಗಬೇಕಾಗಿದ್ದ ವಿಶ್ರಾಂತಿಯಿಲ್ಲದೆ ಸೋವಿಯತ್ ಮಲ್ಲನೆದುರು ಇಳಿಸಲಾಯಿತೆಂದೂ, ಆಕ್ಷೇಪ ಎತ್ತಲು ನಮ್ಮ ಕಡೆಯ ಅಧಿಕಾರಿಯೊಬ್ಬರೂ ಅಲ್ಲಿರಲಿಲ್ಲವೆಂದೂ ಅವರ ಜೀವನ ಬರೆದವರೆಲ್ಲ ಹೇಳುತ್ತಾರೆ. ಇಶಿ ಚಿನ್ನ ಗೆದ್ದ, ಸೋವಿಯತ್ತಿನವ ಬೆಳ್ಳಿ ಗೆದ್ದ. ಅದೇ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದಿತ್ತು. ದೇಶದ ಕಣ್ಣೆಲ್ಲ ಅತ್ತ. ಆದರೆ ಕರಾಡದಲ್ಲಿ ನೂರಕ್ಕೂ ಹೆಚ್ಚು ಎತ್ತಿನಗಾಡಿಗಳ ಮೆರವಣಿಗೆ ನಡೆಯಿತು. ಜಾಧವರು ಮಾಡಿದ ಮುಂದಿನ ಕೆಲಸವೆಂದರೆ ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಪ್ರಾಚಾರ್ಯರ ಸಾಲ ತೀರಿಸಿದ್ದು. ಮುಂದೆ ಪೊಲೀಸ್ ಇಲಾಖೆಯಲ್ಲಿ ಸೇವೆ ಮಾಡಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಮರಣೋತ್ತರವಾಗಿ. ದಿಲ್ಲಿಯಲ್ಲಿ ಅವರ ಹೆಸರಿನ ಕ್ರೀಡಾಂಗಣವಿದೆ. ಎರಡನೆಯ ವೈಯಕ್ತಿಕ ಪದಕಕ್ಕೆ ದೇಶ 1996ರ ಅಟ್ಲಾಂಟದವರೆಗೆ ಕಾಯಬೇಕಾಯಿತು. ನಲವತ್ತನಾಲ್ಕು ವರ್ಷ.

ಈಗ ನಮ್ಮ ಎದೆಗೆ ಇನ್ನೂ ಹತ್ತಿರದ ಹೆಸರಿಗೆ ಬರುತ್ತೇವೆ. ಶ್ರೀಪತಿ ಖಂಚನಾಳೆ. ಹುಟ್ಟೂರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಎಕ್ಸಂಬಾ. ಕುಸ್ತಿ ಕಲಿತು ಬಾಳಿದ್ದು ಕೊಲ್ಹಾಪುರದಲ್ಲಿ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಸೋಲಿಸಿ ಅವರು ಮೊಟ್ಟಮೊದಲ ಹಿಂದ್ ಕೇಸರಿಯಾದರು. ಮರುವರ್ಷ ಗಣಪತರಾವ ಆಂದಳಕರ, 1964ರಲ್ಲಿ ಮಾರುತಿ ಮಾನೆ ಅದೇ ಗದೆಯನ್ನು ಎತ್ತಿದರು. 2020ರ ಡಿಸೆಂಬರಿನಲ್ಲಿ ಖಂಚನಾಳೆಯವರು ತೀರಿಕೊಂಡಾಗ ಗಡಿಯ ಎರಡೂ ಬದಿಯ ಪತ್ರಿಕೆಗಳು ‘ನಮ್ಮ ಮಲ್ಲ’ ಎಂದೇ ಶ್ರದ್ಧಾಂಜಲಿ ಬರೆದವು.

ಯಾರ ಮಲ್ಲ? ಇಸವಿಗಳನ್ನು ಸ್ವಲ್ಪ ಜೋಡಿಸಿ ನೋಡಿ. ಅವರ ಬಾಲ್ಯದಲ್ಲಿ ಎಕ್ಸಂಬಾ ಮುಂಬಯಿ ಪ್ರಾಂತದಲ್ಲಿತ್ತು, ಕೊಲ್ಹಾಪುರ ಬೇರೆಯೇ ಸಂಸ್ಥಾನ. 1949ರ ನಂತರ ಏಳೆಂಟು ವರ್ಷ ಎರಡೂ ಒಂದೇ ರಾಜ್ಯ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಚಂದಗಡ ತಾಲೂಕು ಮಾತ್ರ ಇತ್ತ ಕೊಲ್ಹಾಪುರಕ್ಕೆ ಬಂತು. ಅಂದರೆ ಖಂಚನಾಳೆಯವರು ಹಿಂದ್ ಕೇಸರಿಯಾದ 1959ರಲ್ಲಿ ಹುಟ್ಟೂರು ಮೈಸೂರು ರಾಜ್ಯದಲ್ಲಿ, ತಾಲೀಮು ದ್ವಿಭಾಷಾ ಮುಂಬಯಿ ರಾಜ್ಯದಲ್ಲಿ. ಮಹಾರಾಷ್ಟ್ರ ಹುಟ್ಟಿದ್ದು 1960ರ ಮೇ 1ರಂದು. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ. ಅವರು ಗದೆ ಎತ್ತಿದ ಗಳಿಗೆಯಲ್ಲಿ, ಇಂದು ನಾವು ಜಗಳವಾಡುವ ಎರಡು ಹೆಸರುಗಳ ರಾಜ್ಯಗಳೂ ನಕಾಶೆಯ ಮೇಲೆ ಇರಲಿಲ್ಲ.

ನಮ್ಮ ಈ ಶಾಲೆಯ ಕಥೆಯೂ ಇದೇ ತಾನೆ? ತೆರೆದಾಗ ಕೊಲ್ಹಾಪುರ ಸಂಸ್ಥಾನದ ಶಾಲೆ. ಆಮೇಲೆ ಮುಂಬಯಿ ರಾಜ್ಯದ್ದು, ಆಮೇಲೆ ದ್ವಿಭಾಷಾ ಮುಂಬಯಿಯದು, ಆಮೇಲೆ ಮಹಾರಾಷ್ಟ್ರದ್ದು. ಕಟ್ಟಡ ಒಂದು ಮೊಳವೂ ಕದಲಿಲ್ಲ. ಹಾಜರಿ ಪುಸ್ತಕದ ಮೇಲಿನ ಮುದ್ರೆ ಬದಲಾಯಿತು, ಒಳಗಿನ ಕನ್ನಡ ಹೆಸರುಗಳು ಬದಲಾಗಲಿಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವಾದದ ನ್ಯಾಯಾನ್ಯಾಯ ಈ ವೇದಿಕೆಯ ವಿಷಯವಲ್ಲ. ಆದರೆ ಆ ವಾದದ ಧೂಳು ಆಟದ ಮೈದಾನಕ್ಕೆ ಬಂದು ಬೀಳುತ್ತದೆ ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ.

ಅದು ಹೇಗೆ ಬೀಳುತ್ತದೆಂದು ಹೇಳುತ್ತೇವೆ. ‘ಮಹಾರಾಷ್ಟ್ರ ಕೇಸರಿ’ ಸ್ಪರ್ಧೆ 1961ರಿಂದ ನಡೆದುಬಂದಿದೆ. ಅಲ್ಲಿ ಆಯಾ ಜಿಲ್ಲೆಯ ಮಲ್ಲರು ಜಿಲ್ಲೆಯ ಹೆಸರಿನಲ್ಲಿ ಇಳಿಯುತ್ತಾರೆ. ಕರ್ನಾಟಕಕ್ಕೆ ಅದರದೇ ಕೇಸರಿ, ಮೈಸೂರು ದಸರೆಗೆ ಅದರದೇ ಬಿರುದುಗಳು. ವ್ಯವಸ್ಥೆಯೆಂದಮೇಲೆ ಇಂಥ ಬೇಲಿ ಇರಲೇಬೇಕು, ಒಪ್ಪುತ್ತೇವೆ. ಆದರೆ ನಿಪ್ಪಾಣಿಯ, ಸಂಕೇಶ್ವರದ, ಚಿಕ್ಕೋಡಿಯ ಹುಡುಗ ಕೊಲ್ಹಾಪುರದ ತಾಲೀಮಿನಲ್ಲಿ ಹತ್ತು ವರ್ಷ ಅದೇ ಮಣ್ಣು ತಿಂದು, ಜೊತೆಗಾರರು ಸ್ಪರ್ಧೆಗೆ ಹೊರಟಾಗ ಅವರ ಚೀಲ ಹೊತ್ತು ಬಸ್‌ ನಿಲ್ದಾಣದವರೆಗೆ ಹೋಗಿ ತಿರುಗಿ ಬರುತ್ತಾನೆ. ಇತ್ತ ನಮ್ಮ ಹುಡುಗನ ಪಾಡು ಇನ್ನೊಂದು ಬಗೆ. ಅವನ ರಹವಾಸಿ ದಾಖಲೆಯಲ್ಲಿ ದೋಷವಿಲ್ಲ. ಅವನು ಹುಟ್ಟಾ ಮಹಾರಾಷ್ಟ್ರದವನು. ಆದರೆ ನಮ್ಮ ಕಾಲದಲ್ಲಿ ಒಂದು ಆಯ್ಕೆಯ ದಿನ ಶಾಲೆಯ ಹೆಸರು ಓದಿದ ಕೂಡಲೆ ಹಿಂದಿನಿಂದ ಯಾರೋ ‘ಇವರು ಅತ್ತಲವರಲ್ಲವೇ’ ಎಂದು ನಕ್ಕರು. ಎಲ್ಲಿ, ಯಾರು ಎಂಬುದು ಮುಖ್ಯವಲ್ಲ. ಅಂದು ನಮ್ಮ ತಂಡದ ಮಕ್ಕಳು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಬೆಳಗಾವಿಯ ಸಂಬಂಧಿಕರ ಮನೆಗೆ ಹೋದರೆ ಅಲ್ಲಿಯೂ ‘ನೀವು ಮಹಾರಾಷ್ಟ್ರದವರು’. ಎರಡೂ ಕಡೆ ಅತಿಥಿಗಳಾಗುವ ಈ ಅವಸ್ಥೆಯನ್ನು ನಮ್ಮ ಮಕ್ಕಳಿಗೆ ವಿವರಿಸಿ ಹೇಳುವ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಆದರೆ ಅದೇ ಊರುಗಳು ಬೇರೊಂದು ಪಾಠವನ್ನೂ ಕಲಿಸಿವೆ. ನಮ್ಮ ಗಡಹಿಂಗ್ಲಜವನ್ನೇ ನೋಡಿ. ಹಿರಣ್ಯಕೇಶಿಯ ದಡದ ಈ ಊರಿಗೆ ಹುಚ್ಚು ಹಿಡಿದದ್ದು ಫುಟ್ಬಾಲಿನದು. ದೀಪಾವಳಿಯೆಂದರೆ ಊರಿನವರಿಗೆ ಫರಾಳದಷ್ಟೇ ಅಖಿಲ ಭಾರತ ಫುಟ್ಬಾಲ್ ಸ್ಪರ್ಧೆಯೂ ಮುಖ್ಯ. ಕೊಲ್ಹಾಪುರದಲ್ಲಿಯೂ ಹಾಗೆಯೇ, ವಿಚಿತ್ರವೆಂದರೆ ಅಲ್ಲಿಯ ಫುಟ್ಬಾಲ್ ತಂಡಗಳ ಹೆಸರುಗಳಲ್ಲಿ ಇನ್ನೂ ತಾಲೀಮು ಉಳಿದಿದೆ: ಪಾಟಾಕಡೀಲ ತಾಲೀಮ್ ಮಂಡಳ, ಖಂಡೋಬಾ ತಾಲೀಮ್ ಮಂಡಳ, ದಿಲ್‌ಬಹಾರ್ ತಾಲೀಮ್ ಮಂಡಳ. ಮಣ್ಣಿನಿಂದ ಹುಲ್ಲಿಗೆ ಬಂದರೂ ಪೇಟೆಯ ಅಭಿಮಾನ ಹಳೆಯದೇ. ಶಾಹು ಸ್ಟೇಡಿಯಮ್ಮಿನಲ್ಲಿ ಆ ಅಭಿಮಾನ ಕಲ್ಲಿಗೂ ಬೈಗುಳಕ್ಕೂ ಇಳಿದ ದಿನಗಳಿವೆ. ಅದನ್ನು ಸಂಸ್ಕೃತಿಯೆಂದು ಹೊಗಳುವ ಮನಸ್ಸು ನಮಗಿಲ್ಲ. ಆದರೆ ವಿಶ್ವಕಪ್ಪಿನ ತಿಂಗಳಲ್ಲಿ ಓಣಿಗಳ ಮೇಲೆ ಬ್ರಾಜಿಲ್, ಅರ್ಜೆಂಟೀನಾ ಧ್ವಜಗಳು ಹಾರುವಾಗ ಯಾರ ದೇಶಭಕ್ತಿಗೂ ಧಕ್ಕೆ ಬರುವುದಿಲ್ಲ. ಸಾವಿರಾರು ಮೈಲಿ ದೂರದ, ಭಾಷೆಯ ಒಂದಕ್ಷರ ತಿಳಿಯದ ದೇಶಕ್ಕಾಗಿ ಕೂಗುವ ನಾವು, ಹದಿನೈದು ಕಿಲೋಮೀಟರ್ ಆಚೆಯ ಊರಿನ ಹುಡುಗನಿಗೆ ಚಪ್ಪಾಳೆ ತಟ್ಟಲು ಯಾಕೆ ಹಿಂದೆ ಮುಂದೆ ನೋಡುತ್ತೇವೆ? 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆದಾಗ ಕೊಲ್ಹಾಪುರದ ಅನಿಕೇತ ಜಾಧವ ಭಾರತದ ಅಂಗಿ ತೊಟ್ಟು ಆಡಿದರು. ಅಂದು ಬ್ರಾಜಿಲ್ ಧ್ವಜದವರೂ ಅರ್ಜೆಂಟೀನಾ ಧ್ವಜದವರೂ ಒಂದೇ ಟಿವಿಯ ಮುಂದಿದ್ದರು.

ಇಚಲಕರಂಜಿಯದು ಮತ್ತೊಂದು ಬಗೆ. 1904ರಲ್ಲಿ ಮೊದಲ ಯಂತ್ರಮಗ್ಗ ಬಂದ ಊರು. ಆ ಮಗ್ಗಗಳ ಸದ್ದನ್ನು ಹಿಂಬಾಲಿಸಿ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಹೋಗಿ ನೆಲೆಸಿದವು. ಪಾಳಿ ಮುಗಿಸಿದ ಕಾರ್ಮಿಕನಿಗೆ ಬ್ಯಾಟು ಪ್ಯಾಡು ಕೊಳ್ಳುವ ಚೈತನ್ಯವೆಲ್ಲಿ? ಬರಿಗಾಲಿನ ಕಬಡ್ಡಿ, ಖೋಖೋಗಳೇ ಗತಿ, ಅವೇ ಗೌರವ. ಹಿರಿಯರು ಹುತುತು ಎನ್ನುತ್ತಿದ್ದರು, ದಕ್ಷಿಣದವರು ಚೆಡುಗುಡು. ದೇಶಕ್ಕೊಂದು ನಿಯಮ, ಒಂದು ಹೆಸರು ಬೇಕಾದಾಗ ಎಲ್ಲರೂ ಕಬಡ್ಡಿಗೆ ಒಪ್ಪಿಕೊಂಡರು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಆ ಹೆಸರಿನಲ್ಲೇ ಹೋದೆವು. ಉಸಿರು ಹಿಡಿದು ಹೇಳುವ ಶಬ್ದ ಬದಲಾಯಿತೇ ಹೊರತು ಉಸಿರು ಬದಲಾಗಲಿಲ್ಲ.

ತಾಯಂದಿರಿಗೆ ಒಂದು ಮಾತು ಹೇಳದೆ ಮುಗಿಸಲಾರೆವು. ನಾವು ಇಷ್ಟು ಹೊಗಳಿದ ತಾಲೀಮಿನ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ಜಾತಿಯನ್ನು ಕಣದ ಹೊರಗೆ ನಿಲ್ಲಿಸಿದ ಮಣ್ಣು ಅರ್ಧ ಊರನ್ನೂ ಹೊರಗೆ ನಿಲ್ಲಿಸಿತ್ತು. ಹೀಗಿದ್ದೂ ಈ ಜಿಲ್ಲೆಯ ಹೆಣ್ಣುಮಕ್ಕಳು ಬೇರೆ ದಾರಿ ಹುಡುಕಿಕೊಂಡರು. ಕೊಲ್ಹಾಪುರದ ತೇಜಸ್ವಿನಿ ಸಾವಂತ 2010ರಲ್ಲಿ ಮ್ಯೂನಿಕ್‌ನಲ್ಲಿ ರೈಫಲ್ ವಿಶ್ವ ಚಾಂಪಿಯನ್ ಆದರು; ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ ಕುಸಾಳೆ ಕಂಚು ತಂದಾಗ, ಆ ದಾರಿಯನ್ನು ಮೊದಲು ಸವೆಸಿದವರು ಈ ಹೆಣ್ಣುಮಕ್ಕಳೇ ಎಂಬುದನ್ನು ಮರೆಯಬಾರದು.

2023ರಲ್ಲಿ ದಿಲ್ಲಿಯ ಜಂತರ್ ಮಂತರಿನಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಮೊದಲಾದ ಮಲ್ಲರು ಹೆಣ್ಣುಮಕ್ಕಳ ಸುರಕ್ಷೆಗಾಗಿ ಧರಣಿ ಕೂತರು. ಮೇ 28ರಂದು ಪೊಲೀಸರು ಅವರನ್ನು ರಸ್ತೆಯಿಂದ ಎಳೆದೊಯ್ದ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಪದಕ ತಂದ ದಿನ ‘ದೇಶದ ಮಗಳು’. ದೂರು ಹೇಳಿದ ದಿನ ‘ರಾಜಕೀಯ ಮಾಡುವವಳು’. ಆಟದಲ್ಲಿ ರಾಜಕೀಯ ಬೇಡವೆನ್ನುವವರು ಒಂದು ಸಂಗತಿ ಗಮನಿಸಲಿ: ನಮ್ಮ ಕ್ರೀಡಾ ಸಂಘಟನೆಗಳ ಅಧ್ಯಕ್ಷಪೀಠಗಳಲ್ಲಿ ಎಷ್ಟು ಜನ ಆಟಗಾರರು, ಎಷ್ಟು ಜನ ಪುಢಾರಿಗಳು? ಸಕ್ಕರೆ ಕಾರಖಾನೆಗಳು ಮಲ್ಲರಿಗೆ ಮಾಸಾಶನ ಕೊಟ್ಟು ಸಲಹಿದ್ದು ನಿಜ. ಆ ಹಾಲು ಬಾದಾಮಿಯ ಖರ್ಚನ್ನು ರೈತನ ಮನೆ ಒಂಟಿಯಾಗಿ ಹೊರಲಾರದು. ಅದಕ್ಕೆ ಕೃತಜ್ಞರಾಗಿದ್ದೇವೆ. ಆದರೆ ಚುನಾವಣೆಯ ವರ್ಷದಲ್ಲಿ ಕುಸ್ತಿಯ ಜಾತ್ರೆಗಳು ಹೆಚ್ಚಾಗುವುದನ್ನು ಕಾಣದಷ್ಟು ಕಣ್ಣು ನಮಗೆ ಮಂದವಾಗಿಲ್ಲ.

ಕೊನೆಯದಾಗಿ ಮನೆಯ ಮಾತು. ಈ ಶಾಲೆಯ ಪಟದಲ್ಲಿ ಹೆಸರುಗಳು ಕಡಿಮೆಯಾಗುತ್ತಿವೆ. ಹನ್ನೊಂದು ಜನರ ತಂಡ ಕಟ್ಟಲು ಮೂರು ತರಗತಿಗಳನ್ನು ಸೇರಿಸಬೇಕಾದ ಕಾಲ ಬಂದಿದೆ. ಹಿತ್ತಿಲಲ್ಲಿ ಹಿಂದೆ ಒಂದು ಕುಸ್ತಿಯ ಹೊಂಡವಿತ್ತು. ಅದನ್ನು ಮುಚ್ಚಿ ಸೈಕಲ್ ನಿಲ್ಲಿಸುವ ಜಾಗ ಮಾಡಿದ್ದಾರೆ. ಯಾರ ತಪ್ಪೂ ಅಲ್ಲ. ಆಗ ಸೈಕಲ್ಲುಗಳು ಹೆಚ್ಚಿದ್ದವು, ಹುಡುಗರು ಕಡಿಮೆಯಿದ್ದರು. ಹಳೆಯ ವಿದ್ಯಾರ್ಥಿಗಳಾದ ನಾವು ಕೆಲವರು ಸೇರಿ ಆ ಹೊಂಡವನ್ನು ಮತ್ತೆ ತೋಡಿಸಿ, ಮಣ್ಣು ಹದಗೊಳಿಸಿ, ಬದಿಗೆ ಒಂದು ಚಾಪೆಯನ್ನೂ ಹಾಕಿಸಿಕೊಡಬೇಕೆಂದಿದ್ದೇವೆ. ಜಾಧವರು ಮಣ್ಣಿನಿಂದ ಚಾಪೆಗೆ ಹೋಗಿ ಪಟ್ಟ ಪಾಡು ನಮ್ಮ ಮಕ್ಕಳಿಗೆ ಬೇಡ. ಹುಡುಗಿಯರಿಗೆ ಬೇರೆ ವೇಳೆ ಗೊತ್ತುಪಡಿಸಬೇಕೆಂದೂ, ಅವರಿಗೆ ಕಲಿಸುವವರು ಹೆಂಗಸರೇ ಆಗಿರಬೇಕೆಂದೂ ಮುಖ್ಯಾಧ್ಯಾಪಕರಲ್ಲಿ ವಿನಂತಿಸಿದ್ದೇವೆ. ವಸ್ತಾದರೊಬ್ಬರು ಬರಲು ಒಪ್ಪಿದ್ದಾರೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಬೈಠಕ್ ಎಣಿಸುವಾಗ ಐವತ್ತರವರೆಗೆ ಮರಾಠಿಯಲ್ಲಿ ಎಣಿಸಿ, ಆಮೇಲೆ ಹುಡುಗರು ಸುಸ್ತಾಗಿ ಕಣ್ತಪ್ಪಿಸತೊಡಗಿದಾಗ ಕನ್ನಡದಲ್ಲಿ ‘ಐವತ್ತೊಂದು’ ಎಂದು ಗದರುತ್ತಾರೆ. ಮಣ್ಣಿನ ಗಾಡಿ ಬರುವ ವಾರ ಬರಲಿದೆ; ಇಳಿಸಲು ಕೈಗಳು ಬೇಕು.